ಬರಿಗೈಯಿಂದ ಮತ್ತೆ ಆರಂಭ

ದೇವದುರ್ಗ, ಮಾನ್ವಿ ಕಡೆಯಿಂದ ಮನೆಗೆ ಬೀಗ ಹಾಕಿ ಬೆಂಗಳೂರಿಗೆ ಗುಳೆ ಹೋಗುವವರನ್ನು ರಾಯಚೂರಿನಲ್ಲಿ ನೀವು ನೋಡಿಯೇ ಇರುತ್ತೀರಿ. ಓದಿದವರೂ ಊರು ಬಿಡುತ್ತಾರೆ. ಅದನ್ನು ನಾವು ಗುಳೆ ಎನ್ನುವುದಿಲ್ಲ, ಅಷ್ಟೆ. ಹುಬ್ಬಳ್ಳಿಯ ಗುರುರಾಜ ದೇಶಪಾಂಡೆ ಹಾಗೆ ಹೋದವರು. ಮದ್ರಾಸಿನ ಐಐಟಿಯಲ್ಲಿ ಇಂಜಿನಿಯರಿಂಗ್ ಮುಗಿಸಿ ಕೆನಡಾ ಸೇರಿದರು. ಡಾಕ್ಟರೇಟ್ ಬಂತು, ಮೊಟರೋಲಾದ ಅಂಗಸಂಸ್ಥೆಯೊಂದರಲ್ಲಿ ಒಳ್ಳೆಯ ಕೆಲಸವೂ ಸಿಕ್ಕಿತು. ಅಲ್ಲಿಗೇ ನಿಂತಿದ್ದರೂ ಯಾವ ತಾಯಿಗಾದರೂ ನೆಮ್ಮದಿಯೇ.

ಅವರು ನಿಲ್ಲಲಿಲ್ಲ. ಸಂಬಳದ ಕೆಲಸ ಬಿಟ್ಟು ಅಮೆರಿಕದಲ್ಲಿ ಪಾಲುದಾರರೊಬ್ಬರ ಜೊತೆ ಕೋರಲ್ ನೆಟ್‌ವರ್ಕ್ಸ್ ಕಟ್ಟಿದರು. ಇಬ್ಬರಲ್ಲಿ ಭಿನ್ನಾಭಿಪ್ರಾಯ ಬಂದು 1990ರಲ್ಲಿ ಬರಿಗೈಯಲ್ಲಿ ಹೊರಬಂದರು. ನಿಮ್ಮ ಮಗನಿಗೆ ಹೀಗಾಗಿದ್ದರೆ, 'ಸಾಕಪ್ಪಾ, ನೌಕರಿ ಹುಡುಕು' ಎನ್ನುತ್ತಿರಲಿಲ್ಲವೇ? ದೇಶಪಾಂಡೆ ಅದೇ ವರ್ಷ ಕ್ಯಾಸ್ಕೇಡ್ ಕಮ್ಯುನಿಕೇಶನ್ಸ್ ಆರಂಭಿಸಿದರು. ಇಂಟರ್ನೆಟ್ ಮಾಹಿತಿಯನ್ನು ಊರಿಂದೂರಿಗೆ ದಾಟಿಸುವ ಸ್ವಿಚ್‌ಗಳನ್ನು ಅದು ತಯಾರಿಸುತ್ತಿತ್ತು. 1997ರಲ್ಲಿ ಅಸೆಂಡ್ ಕಂಪೆನಿ ಅದನ್ನು ಸುಮಾರು 370 ಕೋಟಿ ಡಾಲರಿಗೆ ಕೊಂಡಿತು.

ಮುಂದಿನದೆಲ್ಲ ಸಿಹಿಯೇ ಎಂದುಕೊಳ್ಳಬೇಡಿ. 1998ರಲ್ಲಿ ಅವರು ಸ್ಥಾಪಿಸಿದ ಸೈಕಮೋರ್ ನೆಟ್‌ವರ್ಕ್ಸ್‌ನ ಷೇರು ಗಗನಕ್ಕೇರಿ ಕುಸಿಯಿತು; 2013ರಲ್ಲಿ ಕಂಪೆನಿಯನ್ನು ವಿಸರ್ಜಿಸಲಾಯಿತು.

ಪತ್ನಿ ಜಯಶ್ರೀಯವರೊಂದಿಗೆ ಅವರು ಕಟ್ಟಿದ ದೇಶಪಾಂಡೆ ಫೌಂಡೇಶನ್ ಹುಬ್ಬಳ್ಳಿಯಲ್ಲಿ ಉತ್ತರ ಕರ್ನಾಟಕದ ಯುವಕ ಯುವತಿಯರಿಗೆ ಉದ್ಯೋಗ ಕೌಶಲ ಕಲಿಸುತ್ತಿದೆ. ಪದವಿ ಮುಗಿಸಿ ಮನೆಯಲ್ಲಿ ಕುಳಿತ ಮಗಳಿದ್ದರೆ ಒಮ್ಮೆ ವಿಚಾರಿಸಿ ನೋಡಿ.