ಐಕಾನ್ ಅಳಿಸಿದರೆ ತಂತ್ರಾಂಶ ಹೋಗುವುದಿಲ್ಲ

ಡೆಸ್ಕ್‌ಟಾಪ್ ಮೇಲಿನ ಐಕಾನ್ ಅಳಿಸಿದರೆ ತಂತ್ರಾಂಶವೇ ಹೋಯಿತು ಎಂದುಕೊಳ್ಳುವವರು ಇಂದಿಗೂ ಇದ್ದಾರೆ. ವಿಂಡೋಸ್‌ನಲ್ಲಿ ಆ ಐಕಾನ್ ಬರೀ ಒಂದು ಕೊಂಡಿ. ತಂತ್ರಾಂಶದ ಮುಖ್ಯ ಕಡತಗಳು ಸಾಮಾನ್ಯವಾಗಿ ಪ್ರೋಗ್ರಾಮ್ ಫೈಲ್ಸ್ ಫೋಲ್ಡರಿನಲ್ಲಿ, ಬಳಕೆದಾರರ ಸೆಟ್ಟಿಂಗ್‌ಗಳು ಆಪ್‌ಡೇಟಾದಲ್ಲಿ, ಇನ್ನಷ್ಟು ವಿವರ ರಿಜಿಸ್ಟ್ರಿಯಲ್ಲಿ ಇರುತ್ತವೆ. ಇಷ್ಟು ತಿಳಿದವರೂ ಮುಂದಿನ ನಂಬಿಕೆಯಲ್ಲಿ ಎಡವುತ್ತಾರೆ: ‘ಅನ್‌ಇನ್‌ಸ್ಟಾಲ್’ ಒತ್ತಿದರೆ ಹಾಕಿದ್ದೆಲ್ಲ ಹೊರಗೆ ಹೋಗುತ್ತದೆ ಎಂಬ ನಂಬಿಕೆ.

ಹೋಗಲೇಬೇಕೆಂದೇನಿಲ್ಲ. ಆ ಗುಂಡಿ ಒತ್ತಿದಾಗ ಬಹಳ ಸಲ ಓಡುವುದು ತಯಾರಕರೇ ಬರೆದಿಟ್ಟ ಅನ್‌ಇನ್‌ಸ್ಟಾಲರ್. ಏನನ್ನು ತೆಗೆಯಬೇಕು, ಏನನ್ನು ಬಿಡಬೇಕು ಎಂಬ ತೀರ್ಮಾನವೂ ಅವರದೇ. ಲೆನೊವೊ ಕಂಪನಿಯ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಮೊದಲೇ ಹಾಕಿ ಕಳಿಸಿದ್ದ ಸೂಪರ್‌ಫಿಶ್ ಎಂಬ ಜಾಹೀರಾತು ತಂತ್ರಾಂಶ 2015ರ ಫೆಬ್ರುವರಿಯಲ್ಲಿ ದೊಡ್ಡ ಸುದ್ದಿಯಾಯಿತು. ಸುರಕ್ಷಿತ ವೆಬ್ ಸಂಪರ್ಕಗಳ ನಡುವೆ ತೂರಿಕೊಳ್ಳಲು ಅದು ವಿಂಡೋಸ್‌ನೊಳಗೆ ಯಾವ ತಾಣವನ್ನು ನಂಬಬೇಕೆಂದು ನಿರ್ಧರಿಸುವ ರೂಟ್ ಸರ್ಟಿಫಿಕೇಟೊಂದನ್ನು ತನ್ನದಾಗಿ ಸೇರಿಸಿತ್ತು. ಜನ ತಂತ್ರಾಂಶವನ್ನು ಅನ್‌ಇನ್‌ಸ್ಟಾಲ್ ಮಾಡಿದರು. ಸರ್ಟಿಫಿಕೇಟ್ ಅಲ್ಲೇ ಉಳಿಯಿತು, ಅದರ ಜೊತೆಗೆ ಅಪಾಯವೂ. ಕೊನೆಗೆ ಅದನ್ನು ಕಿತ್ತುಹಾಕಲು ಕಂಪನಿ ಬೇರೆಯೇ ಸಾಧನ ಕೊಡಬೇಕಾಯಿತು.

ಮ್ಯಾಕ್ ಬಳಸುವವರಿಗೆ ಆ್ಯಪನ್ನು ಟ್ರ್ಯಾಷ್‌ಗೆ ಎಳೆದು ಹಾಕಿದರೆ ಮುಗಿಯಿತೆಂಬ ನಂಬಿಕೆ ಗಟ್ಟಿ. 2019ರ ಜುಲೈನಲ್ಲಿ ಭದ್ರತಾ ಸಂಶೋಧಕ ಜೊನಾಥನ್ ಲೈಟ್ಷು ಬಯಲು ಮಾಡಿದ ಸಂಗತಿ ಅದನ್ನು ಅಲ್ಲಾಡಿಸಿತು. ಝೂಮ್ ಹಾಕಿಕೊಂಡವರ ಮ್ಯಾಕ್‌ನಲ್ಲಿ ಒಂದು ಪುಟ್ಟ ವೆಬ್ ಸರ್ವರ್ ಸದ್ದಿಲ್ಲದೆ ಓಡುತ್ತಿತ್ತು. ಝೂಮ್ ತೆಗೆದ ಮೇಲೂ ಅದು ಉಳಿಯುತ್ತಿತ್ತು. ಮುಂದೆಂದಾದರೂ ಮೀಟಿಂಗ್ ಕೊಂಡಿಯೊಂದನ್ನು ತೆರೆದರೆ, ಅದೇ ಸರ್ವರ್ ಯಾರ ಅಪ್ಪಣೆಯೂ ಇಲ್ಲದೆ ಝೂಮನ್ನು ಮತ್ತೆ ತಂದು ಕೂರಿಸುತ್ತಿತ್ತು. ಕೆಲವೇ ದಿನಗಳಲ್ಲಿ ಆಪಲ್ ಕಂಪನಿಯೇ ಅಪ್‌ಡೇಟ್ ಕಳಿಸಿ ಆ ಸರ್ವರನ್ನು ತೆಗೆಸಿತು. ಬೇಡ ಎಂದವರ ಮಾತಿಗೆ ಬೆಲೆ ಕೊಡದ ಇಂಥ ವಿನ್ಯಾಸಕ್ಕೆ ಯಾವ ಸಮರ್ಥನೆಯೂ ಇಲ್ಲ.

ಮೂಲಸಂಕೇತ ಮುಕ್ತವಾಗಿದ್ದರೆ ಈ ತೊಂದರೆಯಿಲ್ಲ ಎನ್ನುವವರೂ ಉಂಟು. ಸಂಕೇತ ಮುಕ್ತವಾಗಿರುವುದು ಒಂದು, ಅದನ್ನು ಹಾಕುವ ವಿಧಾನ ಪಾರದರ್ಶಕವಾಗಿರುವುದು ಇನ್ನೊಂದು. ಲಿನಕ್ಸ್‌ನಲ್ಲಿ ‘ಮೇಕ್ ಇನ್‌ಸ್ಟಾಲ್’ ಆಜ್ಞೆ ಕೊಟ್ಟರೆ ಕಡತಗಳು ಎಲ್ಲೆಲ್ಲಿಗೋ ನಕಲಾಗುತ್ತವೆ, ದಾಖಲೆ ಮಾತ್ರ ಸಾಮಾನ್ಯವಾಗಿ ಎಲ್ಲೂ ಉಳಿಯುವುದಿಲ್ಲ. ಅಂತರ್ಜಾಲದಿಂದ ಸ್ಕ್ರಿಪ್ಟ್ ತಂದು ನೇರವಾಗಿ ಓಡಿಸುವುದು ಇನ್ನೂ ಅಪಾಯ. 2011ರಲ್ಲಿ ಬಂಬಲ್‌ಬೀ ಎಂಬ ಮುಕ್ತ ತಂತ್ರಾಂಶದ ಇನ್‌ಸ್ಟಾಲ್ ಸ್ಕ್ರಿಪ್ಟಿನಲ್ಲಿ ಅಳಿಸುವ ಆಜ್ಞೆಯೊಂದರ ನಡುವೆ ಒಂದೇ ಒಂದು ಖಾಲಿ ಜಾಗ ಹೆಚ್ಚಾಗಿ ನುಸುಳಿತ್ತು. ಅಳಿಯಬೇಕಿದ್ದುದು ಒಳಗಿನ ಒಂದು ಫೋಲ್ಡರ್. ಅಳಿದದ್ದು ವ್ಯವಸ್ಥೆಯ ಬಹುಪಾಲು ತಂತ್ರಾಂಶ ಇರುವ ‘ಯುಎಸ್‌ಆರ್’ ಫೋಲ್ಡರ್ ಪೂರ್ತಿ.

ಹಾಗಾದರೆ ಪಾರದರ್ಶಕ ದಾರಿ ಯಾವುದು? ಇಯಾನ್ ಮರ್ಡಾಕ್ 1993ರಲ್ಲಿ ಶುರು ಮಾಡಿದ ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆ ಇದಕ್ಕೆ ಒಳ್ಳೆಯ ಮಾದರಿ. ಅದರ ಡಿಪಿಕೆಜಿ ಎಂಬ ಪ್ಯಾಕೇಜ್ ಮ್ಯಾನೇಜರ್ ಅಂಗಡಿಯ ದಾಸ್ತಾನು ಪುಸ್ತಕದಂತೆ ಪ್ರತಿ ಪ್ಯಾಕೇಜು ಯಾವ ಕಡತವನ್ನು ಎಲ್ಲಿಟ್ಟಿತು ಎಂಬ ಪಟ್ಟಿ ಇಟ್ಟುಕೊಂಡಿರುತ್ತದೆ. ಡಿಪಿಕೆಜಿ ಆಜ್ಞೆಗೆ ದೊಡ್ಡಕ್ಷರದ ‘ಎಲ್’ ಸೇರಿಸಿದರೆ ಒಂದು ಪ್ಯಾಕೇಜಿನ ಕಡತಗಳೆಲ್ಲ ಕಾಣುತ್ತವೆ. ದೊಡ್ಡಕ್ಷರದ ‘ಎಸ್’ ಸೇರಿಸಿದರೆ ಒಂದು ಕಡತ ಯಾವ ಪ್ಯಾಕೇಜಿನದು ಎಂಬುದು ತಿಳಿಯುತ್ತದೆ. ಪ್ಯಾಕೇಜು ಬಂದಾಗ, ಹೋದಾಗ ಓಡುವ ಸ್ಕ್ರಿಪ್ಟುಗಳನ್ನೂ ಯಾರು ಬೇಕಾದರೂ ತೆರೆದು ಓದಬಹುದು. ಉಬುಂಟುವಿನಲ್ಲೂ ಇದೇ ಏರ್ಪಾಡು.

ಇಲ್ಲೂ ಒಂದು ತಪ್ಪು ತಿಳಿವಳಿಕೆ ಇದೆ. ‘ರಿಮೂವ್’ ಎಂದರೆ ಸೆಟ್ಟಿಂಗ್ ಕಡತಗಳು ಉಳಿಯುತ್ತವೆ, ‘ಪರ್ಜ್’ ಎಂದರೆ ಅವೂ ಹೋಗುತ್ತವೆ. ಆದರೆ ಬಳಕೆದಾರರ ಹೋಮ್ ಫೋಲ್ಡರಿನಲ್ಲಿ ತಂತ್ರಾಂಶ ಬರೆದಿಟ್ಟ ಸೆಟ್ಟಿಂಗ್‌ಗಳನ್ನು ಎರಡೂ ಮುಟ್ಟುವುದಿಲ್ಲ. ಅದು ಬಳಕೆದಾರರ ಸ್ವತ್ತು ಎಂಬ ನಿಲುವು ಅದರ ಹಿಂದಿದೆ.

ವಿಂಡೋಸ್‌ಗೂ 2021ರಿಂದ ವಿನ್‌ಗೆಟ್ ಎಂಬ ಪ್ಯಾಕೇಜ್ ಮ್ಯಾನೇಜರ್ ಇದೆ. ಹುಡುಕುವುದು, ಹಾಕುವುದು, ಅಪ್‌ಡೇಟ್ ಮಾಡುವುದು ಅದರಿಂದ ಸಲೀಸು. ಆದರೆ ಬಹುಪಾಲು ಅದು ಓಡಿಸುವುದು ತಯಾರಕರ ಇನ್‌ಸ್ಟಾಲರನ್ನೇ, ಆದ್ದರಿಂದ ಡೆಬಿಯನ್‌ನಷ್ಟು ನಿಖರ ಲೆಕ್ಕ ಅದರಿಂದ ಸಿಗದು.

ಲೆಕ್ಕವಿದ್ದ ಮಾತ್ರಕ್ಕೆ ಕೇಡು ಬರುವುದಿಲ್ಲವೆಂದೂ ಭಾವಿಸಬಾರದು. 2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಎಂಬ ಸಂಕುಚನ ತಂತ್ರಾಂಶದಲ್ಲಿ ಹೊರಗಿನವರು ಗುಟ್ಟಾಗಿ ಒಳನುಗ್ಗಬಹುದಾದ ಹಿಂಬಾಗಿಲು ಪತ್ತೆಯಾಯಿತು. ಅದು ಡೆಬಿಯನ್‌ನ ಪರೀಕ್ಷಾ ಆವೃತ್ತಿಗಳವರೆಗೂ ಬಂದಿತ್ತು. ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆಯಲ್ಲ ಎಂದು ಬೆನ್ನು ಹತ್ತಿದ ಎಂಜಿನಿಯರ್ ಆಂಡ್ರೆಸ್ ಫ್ರಾಯಿಂಡ್ ಅದನ್ನು ಹಿಡಿದರು. ದಾಖಲೆ ಇದ್ದದ್ದರಿಂದ ತಮ್ಮ ಯಂತ್ರದಲ್ಲಿ ಯಾವ ಆವೃತ್ತಿ ಇದೆಯೆಂದು ಯಾರು ಬೇಕಾದರೂ ಕ್ಷಣದಲ್ಲಿ ನೋಡಿಕೊಳ್ಳಬಹುದಿತ್ತು.

ಮೊಬೈಲ್ ಬಳಸುವವರು ಒಂದು ವಿಷಯ ನೆನಪಿಡಬೇಕು. ಆ್ಯಪ್ ತೆಗೆದುಹಾಕಿದರೆ ಪ್ಲೇ ಸ್ಟೋರ್ ಮೂಲಕ ಕಟ್ಟುತ್ತಿರುವ ಚಂದಾ ನಿಲ್ಲುವುದಿಲ್ಲ. ಅದನ್ನು ಪ್ಲೇ ಸ್ಟೋರ್‌ನ ಸಬ್‌ಸ್ಕ್ರಿಪ್ಷನ್ ವಿಭಾಗಕ್ಕೆ ಹೋಗಿ ಬೇರೆಯಾಗಿಯೇ ರದ್ದು ಮಾಡಬೇಕು.