ಬಾರ್ ಕಬಾಬ್ ಮನೇಲಿ: ಕಲರ್ ಪುಡಿ ಇಲ್ಲದೆ, ಫಿಸಿಕ್ಸ್ ಸಮೇತ

ಬೆಂಗಳೂರಿನ ಯಾವ 'ಬಾರ್ ಅಂಡ್ ರೆಸ್ಟೋರೆಂಟ್'ಗೆ ಹೋದ್ರೂ ಮೆನುವಿನಲ್ಲಿ ಚಿಕನ್ ಕಬಾಬ್ ಇದ್ದೇ ಇರುತ್ತೆ. ಹೆಸರು ಮಾತ್ರ ಕಬಾಬ್. ಇದನ್ನ ಕಂಬಿಗೆ ಚುಚ್ಚಲ್ಲ, ಕೆಂಡದ ಮೇಲೆ ಸುಡಲ್ಲ. ಮೂಳೆ ಸಮೇತ ಸಣ್ಣ ಪೀಸ್‌ಗಳಿಗೆ ಕೆಂಪು ಮಸಾಲೆ ಹಚ್ಚಿ ಎಣ್ಣೆಯಲ್ಲಿ ಕರಿಯೋದು. ಜೊತೆಗೆ ಹಸಿ ಈರುಳ್ಳಿ, ನಿಂಬೆ ಹೋಳು, ಕರಿದ ಕರಿಬೇವು. ಕುಡಿಯದವರೂ ಇದಕ್ಕೋಸ್ಕರ ಪಾರ್ಸೆಲ್ ಕೌಂಟರ್ ಹತ್ರ ಕಾಯ್ತಾರೆ.

ಇದನ್ನೇ ಮನೇಲಿ ಮಾಡಿದ್ರೆ ಎರಡು ಕಂಪ್ಲೇಂಟ್ ಗ್ಯಾರಂಟಿ: "ಆ ಕಲರ್ ಬರ್ಲಿಲ್ಲ", "ಆ ಕ್ರಿಸ್ಪ್ ಬರ್ಲಿಲ್ಲ". ಮೊದಲನೇದು ಬರದೇ ಇರೋದೇ ಒಳ್ಳೇದು. ಎರಡನೇದಕ್ಕೆ ಉತ್ತರ ಪಿಯುಸಿ ಫಿಸಿಕ್ಸ್‌ನಲ್ಲೇ ಇದೆ.

ಆ ಕೆಂಪು ಎಲ್ಲಿಂದ ಬರುತ್ತೆ?

2024ರ ಜೂನ್‌ನಲ್ಲಿ ಕರ್ನಾಟಕ ಸರ್ಕಾರ ಚಿಕನ್ ಮತ್ತು ಫಿಶ್ ಕಬಾಬ್‌ಗೆ ಕೃತಕ ಬಣ್ಣ ಹಾಕೋದನ್ನ ನಿಷೇಧಿಸಿತು. ಟೆಸ್ಟ್ ಮಾಡಿಸಿದ 39 ಸ್ಯಾಂಪಲ್‌ಗಳಲ್ಲಿ 8 ಅಸುರಕ್ಷಿತ ಅಂತ ರಿಪೋರ್ಟ್ ಬಂದಿತ್ತು. ಅವುಗಳಲ್ಲಿ ಸಿಕ್ಕಿದ್ದು ಸನ್‌ಸೆಟ್ ಯೆಲ್ಲೋ ಮತ್ತು ಕಾರ್ಮೋಸಿನ್. ಅದೇ ವರ್ಷ ಮಾರ್ಚ್‌ನಲ್ಲಿ ಗೋಬಿ ಮಂಚೂರಿಗೂ ಇಂಥದ್ದೇ ಆದೇಶ ಬಂದಿತ್ತು. ಈ ಬಣ್ಣಗಳು ಕಬಾಬ್‌ನ ರುಚಿಗೆ ಏನನ್ನೂ ಸೇರಿಸಲ್ಲ. ಅವು ಇರೋದು ನಮ್ಮ ಕಣ್ಣಿಗೆ. ಕೆಂಪಗಿದ್ರೆ ಮಾತ್ರ ಖಾರ, ಕೆಂಪಗಿದ್ರೆ ಮಾತ್ರ 'ಒರಿಜಿನಲ್' ಅಂತ ನಾವು ಅಂದುಕೊಂಡಿರೋವರೆಗೂ ಯಾರೋ ಒಬ್ರು ಡಬ್ಬಿ ತೆಗೀತಾನೇ ಇರ್ತಾರೆ.

ಮನೇಲಿ ನಮಗೆ ಬ್ಯಾಡಗಿ ಮೆಣಸಿನಕಾಯಿ ಇದೆ. ಹಾವೇರಿ ಜಿಲ್ಲೆಯ ಬ್ಯಾಡಗಿ ಹೆಸರಿನ ಈ ಮೆಣಸಿನಕಾಯಿಗೆ 2011ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ. ಖಾರ ಕಮ್ಮಿ, ಬಣ್ಣ ಜಾಸ್ತಿ. ಅದರ ಕೆಂಪಿಗೆ ಮುಖ್ಯ ಕಾರಣ ಕ್ಯಾಪ್ಸ್ಯಾಂಥಿನ್ ಅನ್ನೋ ಕ್ಯಾರೊಟಿನಾಯ್ಡ್. ಇದು ಎಣ್ಣೆಯಲ್ಲಿ ಕರಗುತ್ತೆ, ಜಾಸ್ತಿ ಬಿಸಿಯಾದ್ರೆ ಹಾಳಾಗುತ್ತೆ. ಅದಕ್ಕೇ ಮನೆ ಕಬಾಬ್ ಇಟ್ಟಿಗೆ ಬಣ್ಣಕ್ಕೆ ಬರುತ್ತೆ, ಸಿಗ್ನಲ್ ಲೈಟ್ ಥರ ಹೊಳೆಯಲ್ಲ.

ಕ್ರಿಸ್ಪ್ ಅಂದ್ರೆ ನೀರಿನ ಲೆಕ್ಕ

ಕರಿಯುವಾಗ ಬರೋ ಗುಳ್ಳೆಗಳು ಎಣ್ಣೆ ಕುದಿಯೋದ್ರಿಂದ ಬರೋದಲ್ಲ, ಚಿಕನ್ ಮತ್ತು ಮಸಾಲೆಯಲ್ಲಿರೋ ನೀರು ಆವಿಯಾಗೋದ್ರಿಂದ. ಹೊರಪದರದ ನೀರು ಬೇಗ ಹೋದ್ರೆ ಗರಿಗರಿ, ಉಳಿದ್ರೆ ಮೆತ್ತಗೆ.

ಈಗ ಲೆಕ್ಕ ಹಾಕಿ. 1 ಗ್ರಾಂ ನೀರು ಆವಿಯಾಗೋಕೆ ಸುಮಾರು 2.26 ಕಿಲೋಜೂಲ್ ಬೇಕು. ಒಂದು ಲೀಟರ್ ಎಣ್ಣೆ 1 ಡಿಗ್ರಿ ತಣ್ಣಗಾದಾಗ ಬಿಡೋದು ಹೆಚ್ಚುಕಮ್ಮಿ 2 ಕಿಲೋಜೂಲ್. ಅಂದ್ರೆ ಒಂದೊಂದು ಗ್ರಾಂ ನೀರೂ ಎಣ್ಣೆಯಿಂದ ಸುಮಾರು ಒಂದು ಡಿಗ್ರಿ ಕಿತ್ಕೊಳ್ಳುತ್ತೆ. ಫ್ರಿಡ್ಜ್‌ನಿಂದ ತೆಗೆದ ಅರ್ಧ ಕೆಜಿ ಚಿಕನ್‌ನ ಒಟ್ಟಿಗೇ ಸುರಿದ್ರೆ ಎಣ್ಣೆ ಕಥೆ ಮುಗೀತು. ಬಾರ್ ಅಡುಗೆಮನೆಯಲ್ಲಿ ದೊಡ್ಡ ಬಾಣಲೆ, ಜೋರು ಬರ್ನರ್ ಇರುತ್ತೆ. ನಮ್ಮ ಸ್ಟವ್‌ಗೆ ಅಷ್ಟು ಪವರ್ ಇಲ್ಲ. ಸೊಲ್ಯೂಷನ್ ಸಿಂಪಲ್: ಒಂದು ಸಲಕ್ಕೆ ಐದಾರು ಪೀಸ್ ಮಾತ್ರ.

ಹಿಟ್ಟಿನಲ್ಲೂ ಇದೇ ಯೋಚನೆ. ಮೈದಾದಲ್ಲಿ ಗ್ಲೂಟನ್ ಇರೋದ್ರಿಂದ ಹೊರಪದರ ನಾರುನಾರಾಗಬಹುದು. ಕಾರ್ನ್‌ಫ್ಲೋರ್ ಬಹುಪಾಲು ಬರೀ ಪಿಷ್ಟ, ಅದಕ್ಕೇ ಪದರ ತೆಳ್ಳಗೆ, ಗರಿಗರಿಯಾಗಿ ಬರುತ್ತೆ. ಸ್ವಲ್ಪ ಅಕ್ಕಿಹಿಟ್ಟು ಸೇರಿದ್ರೆ ಇನ್ನೂ ಚೆನ್ನ.

ಮಾಡೋದು ಹೇಗೆ?

ಅರ್ಧ ಕೆಜಿ ಚಿಕನ್ ತೊಳೆದು ನೀರು ಪೂರ್ತಿ ಬಸಿಯಿರಿ. 10–12 ಬ್ಯಾಡಗಿ ಮೆಣಸಿನಕಾಯಿಯನ್ನ ಬಿಸಿನೀರಲ್ಲಿ ನೆನೆಸಿ, ಆದಷ್ಟು ಕಮ್ಮಿ ನೀರಲ್ಲಿ ನುಣ್ಣಗೆ ರುಬ್ಬಿ. ಅದಕ್ಕೆ ಒಂದೂವರೆ ಚಮಚ ಶುಂಠಿ-ಬೆಳ್ಳುಳ್ಳಿ ಪೇಸ್ಟ್, ಒಂದು ಟೀ ಚಮಚ ಖಾರದ ಪುಡಿ, ಸ್ವಲ್ಪ ಕಾಳುಮೆಣಸಿನ ಪುಡಿ, ಅರ್ಧ ನಿಂಬೆಹಣ್ಣಿನ ರಸ, ಉಪ್ಪು ಸೇರಿಸಿ. ಚಿಕನ್‌ಗೆ ಹಚ್ಚಿ ಎರಡು ಗಂಟೆ ಫ್ರಿಡ್ಜ್‌ನಲ್ಲಿಡಿ. ಕರಿಯೋಕೆ ಸ್ವಲ್ಪ ಮುಂಚೆ ಒಂದು ಮೊಟ್ಟೆ, ಮೂರು ಚಮಚ ಕಾರ್ನ್‌ಫ್ಲೋರ್, ಒಂದು ಚಮಚ ಅಕ್ಕಿಹಿಟ್ಟು ಕಲಸಿ. ಮಸಾಲೆ ಪೀಸ್‌ಗೆ ಅಂಟಬೇಕು, ಹರಿಯಬಾರದು.

ಎರಡು ಸಲ ಕರೀರಿ. ಮೊದಲು 160 ಡಿಗ್ರಿ ಆಸುಪಾಸಿನಲ್ಲಿ ಆರೇಳು ನಿಮಿಷ, ಒಳಗೆ ಬೇಯೋಕೆ. ದೊಡ್ಡ ಪೀಸ್ ಒಂದನ್ನ ಬಿಡಿಸಿ ನೋಡಿ, ಮೂಳೆ ಹತ್ರ ಹಸಿ ಇರಬಾರದು. ಐದು ನಿಮಿಷ ಆರೋಕೆ ಬಿಡಿ. ಆಮೇಲೆ 180 ಡಿಗ್ರಿಯಲ್ಲಿ ಒಂದು ನಿಮಿಷ, ಹೊರಗಿನ ತೇವ ಓಡಿಸೋಕೆ. ಥರ್ಮಾಮೀಟರ್ ಇಲ್ಲದಿದ್ರೆ ಒಂದು ಹನಿ ಹಿಟ್ಟು ಬಿಡಿ. ತಳಕ್ಕೆ ಹೋಗಿ ನಿಧಾನಕ್ಕೆ ಎದ್ರೆ ಮೊದಲ ರೌಂಡ್‌ಗೆ, ತಕ್ಷಣ ಮೇಲೆ ಬಂದ್ರೆ ಎರಡನೇ ರೌಂಡ್‌ಗೆ ರೆಡಿ. ಕೊನೆಗೆ ಕರಿಬೇವು, ಸೀಳಿದ ಹಸಿಮೆಣಸಿನಕಾಯಿ ಹಾಕಿ. ಎರಡನ್ನೂ ಚೆನ್ನಾಗಿ ಒರೆಸಿರಬೇಕು, ಇಲ್ಲಾಂದ್ರೆ ಸಿಡಿಯುತ್ತೆ.

ತೆಗೆದ ಕಬಾಬ್‌ನ ಜಾಲರಿ ಮೇಲೆ ಹರಡಿ, ಡಬ್ಬಿಯಲ್ಲಿ ಮುಚ್ಚಿಡಬೇಡಿ. ಪಾರ್ಸೆಲ್ ಕಬಾಬ್ ಮನೆ ಸೇರೋ ಹೊತ್ತಿಗೆ ಮೆತ್ತಗಾಗೋದು ಒಳಗೇ ಸಿಕ್ಕಿಕೊಂಡ ಆವಿಯಿಂದ. ಈ ಒಂದು ವಿಷಯದಲ್ಲಿ ಮನೆಯದ್ದೇ ಗೆಲ್ಲುತ್ತೆ.

ವೆಜ್ ಫ್ರೆಂಡ್ಸ್‌ಗೆ ಇದೇ ಮಸಾಲೆ ಗೋಬಿಗೂ ಆಗುತ್ತೆ. ಮೊಟ್ಟೆ ಬಿಡಿ, ಬಿಸಿನೀರಿಂದ ತೆಗೆದ ಹೂಗಳನ್ನ ಬಟ್ಟೆ ಮೇಲೆ ಪೂರ್ತಿ ಒಣಗಿಸಿ.

ಕೊನೇದಾಗಿ ಸೇಫ್ಟಿ. ಬಾಣಲೆಯ ಅರ್ಧಕ್ಕಿಂತ ಜಾಸ್ತಿ ಎಣ್ಣೆ ಬೇಡ. ಎಣ್ಣೆಗೆ ಬೆಂಕಿ ಹತ್ತಿದ್ರೆ ಗ್ಯಾಸ್ ಆಫ್ ಮಾಡಿ, ಲೋಹದ ಮುಚ್ಚಳ ಮುಚ್ಚಿ. ನೀರು ಮಾತ್ರ ಹಾಕ್ಲೇಬೇಡಿ: ನೀರು ಆವಿಯಾದ್ರೆ ಸುಮಾರು 1,700 ಪಟ್ಟು ಹಿಗ್ಗುತ್ತೆ, ಉರಿಯೋ ಎಣ್ಣೆಯನ್ನ ಅಡುಗೆಮನೆ ತುಂಬಾ ಎರಚುತ್ತೆ.