ಒಂದೇ ಗಾಜಿನೆಳೆಯಲ್ಲಿ ಹಳಬರೂ ಹೊಸಬರೂ

ಹಳೇಬೀಡಿನ ಮನೆಯೊಂದರಿಂದ ತಾಯಿಯೊಬ್ಬರು ಜಿದ್ದಾದಲ್ಲಿ ದುಡಿಯುವ ಮಗನಿಗೆ ವೀಡಿಯೊ ಕರೆ ಮಾಡುತ್ತಾರೆ ಎಂದುಕೊಳ್ಳಿ. ಆ ಮಾತು ಆಕಾಶದಲ್ಲಿರುವ ಉಪಗ್ರಹದ ಮೂಲಕ ಹೋಗುತ್ತದೆಂದು ನಮ್ಮಲ್ಲಿ ಅನೇಕರು ಭಾವಿಸಿದ್ದಾರೆ. ವಾಸ್ತವದಲ್ಲಿ ಅದು ದಾರಿಯ ಬಹುಪಾಲನ್ನು ನೆಲದಡಿಯಲ್ಲಿ ಮತ್ತು ಸಮುದ್ರದಡಿಯಲ್ಲಿ ಕ್ರಮಿಸುತ್ತದೆ. ಹಾಸನ, ಬೆಂಗಳೂರು ದಾಟಿ, ಮುಂಬೈ ಅಥವಾ ಚೆನ್ನೈಯ ಕಡಲತೀರದಿಂದ ಸಮುದ್ರಕ್ಕಿಳಿದು, ಗಾಜಿನ ಎಳೆಯೊಳಗೆ ಬೆಳಕಾಗಿ ಸಾಗುತ್ತದೆ. ರಸ್ತೆ ಬದಿಯಲ್ಲಿ ಅಗೆದು ಹೂಳುವ 'ಓಎಫ್‌ಸಿ ಕೇಬಲ್' ಅಂದರೆ ಇದೇ.

ಈ ಎಳೆಯ ದಪ್ಪ ಒಂದು ಮಿಲಿಮೀಟರಿನ ಎಂಟನೇ ಒಂದು ಭಾಗ ಮಾತ್ರ. ಅದರಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಬೆಳಕಿನ ನಡೆಯನ್ನು ಪ್ರಯೋಗ ಮಾಡಿ ಅರಿಯುವ ದಾರಿಯನ್ನು ಸಾವಿರ ವರ್ಷಗಳ ಹಿಂದೆಯೇ ತೋರಿಸಿದವರು ಬಸ್ರಾದಲ್ಲಿ ಹುಟ್ಟಿದ ವಿದ್ವಾಂಸ ಇಬ್ನುಲ್ ಹೈಥಮ್. ಗಾಜಿನೆಳೆಯಲ್ಲಿ ಬಹುದೂರ ಸಂದೇಶ ಕಳುಹಿಸಬಹುದೆಂದು ಚಾರ್ಲ್ಸ್ ಕಾವೊ 1966ರಲ್ಲಿ ತೋರಿಸಿಕೊಟ್ಟರು. ಅದಕ್ಕಾಗಿ ಅವರಿಗೆ 2009ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು.

ಒಂದು ಎಳೆ, ಹಲವು ಬಣ್ಣ

ಒಂದೇ ಎಳೆಯಲ್ಲಿ ಕಣ್ಣಿಗೆ ಕಾಣದ ಎಂಬತ್ತರಷ್ಟು 'ಬಣ್ಣ'ಗಳ ಬೆಳಕನ್ನು ಒಟ್ಟಿಗೆ ಹರಿಸಬಹುದು. ಒಂದೊಂದು ಬಣ್ಣವೂ ಒಂದೊಂದು ಚಾನೆಲ್. ಹಳೆಯ ಚಾನೆಲ್ ಸೆಕೆಂಡಿಗೆ 10 ಗಿಗಾಬಿಟ್ ಒಯ್ಯುತ್ತದೆ. ಅದರ ಭಾಷೆ ಬಹಳ ಸರಳ: ಬೆಳಕಿದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ಸೆಕೆಂಡಿಗೆ ಸಾವಿರ ಕೋಟಿ ಬಾರಿ ಹೀಗೆ ಹತ್ತುವ, ಆರುವ ದೀಪವದು. 40 ಮತ್ತು 100 ಗಿಗಾಬಿಟ್‌ನ ಹೊಸ ಚಾನೆಲ್‌ಗಳ ರೀತಿ ಬೇರೆ. ಇಲ್ಲಿ ಬೆಳಕು ಆರುವುದಿಲ್ಲ. ಅದರ ಅಲೆ ಎಷ್ಟು ಮುಂದೆ ಅಥವಾ ಎಷ್ಟು ಹಿಂದೆ ಸರಿದಿದೆ ಎಂಬ ಸೂಕ್ಷ್ಮದಲ್ಲಿ ಸಂದೇಶ ಅಡಗಿರುತ್ತದೆ.

ಬಣ್ಣ ಬೇರೆಯಾದರೆ ಒಂದರ ಗೊಡವೆ ಇನ್ನೊಂದಕ್ಕೇಕೆ ಎಂದು ನೀವು ಕೇಳಬಹುದು. ತೊಡಕಿರುವುದು ಗಾಜಿನಲ್ಲಿ. ಪ್ರಖರ ಬೆಳಕು ಹಾದಾಗ ಗಾಜಿನ ಗುಣ ತುಸು ಬದಲಾಗುತ್ತದೆ. ವಿದ್ಯುತ್ತಿನ ಪ್ರಭಾವದಿಂದ ಗಾಜು ಬದಲಾಗುವುದನ್ನು ಸ್ಕಾಟ್ಲೆಂಡಿನ ಜಾನ್ ಕೆರ್ 1875ರಲ್ಲಿ ಕಂಡುಹಿಡಿದರು. ಬೆಳಕು ಮಾಡುವ ಈ ಬದಲಾವಣೆಗೂ ಅವರ ಹೆಸರೇ ಇದೆ. ಹಳೆಯ ಚಾನೆಲ್ ಹತ್ತಿ ಆರಿದಂತೆಲ್ಲ ಗಾಜಿನ ಗುಣವೂ ಅಲುಗುತ್ತದೆ. ಆಗ ಪಕ್ಕದಲ್ಲಿ ಸಾಗುವ ಹೊಸ ಚಾನೆಲ್‌ನ ಅಲೆ ಹಿಂದೆ ಮುಂದೆ ಸರಿಯುತ್ತದೆ. ಅದರ ಅರ್ಥವಿರುವುದೇ ಆ ಸರಿತದಲ್ಲಿ! ಹೀಗಾಗಿ ಸಂದೇಶ ಕೆಡುತ್ತದೆ. ತಜ್ಞರು ಇದನ್ನು 'ಕ್ರಾಸ್ ಫೇಸ್ ಮಾಡ್ಯುಲೇಶನ್' ಎನ್ನುತ್ತಾರೆ.

ರಸ್ತೆಯಲ್ಲಿ ವೇಗದ ವಾಹನದಿಂದ ನಿಧಾನದವನಿಗೆ ತೊಂದರೆ. ಇಲ್ಲಿ ಹಾಗಲ್ಲ, ನಿಧಾನದವನಿಂದಲೇ ವೇಗದವನಿಗೆ ತೊಂದರೆ. ಮನೆಯೊಂದರಲ್ಲಿ ಹುಡುಗನೊಬ್ಬ ಕುರ್‌ಆನ್ ಕಂಠಪಾಠ ಮಾಡುತ್ತಿದ್ದಾನೆ, ಪಕ್ಕದ ಅಂಗಳದಲ್ಲಿ ಒಬ್ಬರು ಕಲ್ಲು ಕೆತ್ತುತ್ತಿದ್ದಾರೆ ಎಂದುಕೊಳ್ಳಿ. ಹುಡುಗನ ದನಿಯಿಂದ ಕೆತ್ತುವವರ ಕೆಲಸ ಕೆಡುವುದಿಲ್ಲ. ಆದರೆ ಸುತ್ತಿಗೆಯ ಬಡಿತಕ್ಕೆ ಹುಡುಗ ಸಾಲು ತಪ್ಪುತ್ತಾನೆ. ಕೆತ್ತುವವರದು ತಪ್ಪೇ? ಅಲ್ಲ, ಅದು ಅವರ ಜೀವನೋಪಾಯ.

ಹಳೆಯದನ್ನು ಕಿತ್ತೆಸೆಯಬೇಕೇ?

ಭಾರತವನ್ನು ಜಿದ್ದಾ, ಫುಜೈರಾಗಳೊಂದಿಗೆ ಜೋಡಿಸಿದ 'ಸೀ-ಮಿ-ವಿ 4' ಕೇಬಲ್ 2005ರ ಕೊನೆಯಲ್ಲಿ ಸಿದ್ಧವಾಯಿತು. ಸಿಂಗಾಪುರದಿಂದ ಫ್ರಾನ್ಸಿನವರೆಗೆ ಅದರ ಉದ್ದ 18 ಸಾವಿರ ಕಿ.ಮೀ.ಗೂ ಹೆಚ್ಚು. ಆಗ ಅದರ ಪ್ರತಿ ಚಾನೆಲ್‌ನದ್ದೂ 10 ಗಿಗಾಬಿಟ್ ವೇಗ. ಬೇಡಿಕೆ ಬೆಳೆದಂತೆ 40, ನಂತರ 100 ಗಿಗಾಬಿಟ್‌ನ ತಂತ್ರಜ್ಞಾನ ಬಂತು. ಸಮುದ್ರದಡಿಯ ಗಾಜು ಅದೇ, ದಡದ ನಿಲ್ದಾಣಗಳ ಉಪಕರಣಗಳಷ್ಟೇ ಹೊಸತು. ಇಂಥ ಹೊಸ ಕೇಬಲ್ ಹಾಕಲು ಸಾವಿರಾರು ಕೋಟಿ ರೂಪಾಯಿ ಬೇಕು. ಆ ಹೊರೆ ಕೊನೆಗೆ ಗ್ರಾಹಕರ ತಲೆಗೇ ಬರುತ್ತದೆ. ಹಳೆಯ ಎಳೆಯಲ್ಲಿಯೇ ಹೊಸ ವೇಗ ಕೂಡಿಬಾಳಿದರೆ ಮಾತ್ರ ಬಡವರ ಮನೆಗೂ ಅಗ್ಗದ ಇಂಟರ್ನೆಟ್ ತಲುಪೀತು. 2011ರಲ್ಲಿ ಕೇಂದ್ರ ಸರಕಾರ ಒಪ್ಪಿಗೆ ನೀಡಿದ, ಮುಂದೆ 'ಭಾರತ್‌ನೆಟ್' ಎಂದು ಹೆಸರಾದ ಯೋಜನೆಯ ಉದ್ದೇಶ ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಒಯ್ಯುವುದು. ಆದರೆ ದೂರದ ಹೆದ್ದಾರಿ ಕಟ್ಟಿಕೊಂಡರೆ ಹಳ್ಳಿಯ ಫೈಬರ್ ಇದ್ದೂ ಪ್ರಯೋಜನವಿಲ್ಲ.

ಎಂಜಿನಿಯರುಗಳು ಹುಡುಕಿದ ಪರಿಹಾರಗಳು ಹಲವು. ಹಳೆಯ ಮತ್ತು ಹೊಸ ಚಾನೆಲ್‌ಗಳ ನಡುವೆ ಕೆಲವು ಬಣ್ಣಗಳನ್ನು ಖಾಲಿ ಬಿಡುವುದು ಒಂದು. ಹಳೆಯ ಚಾನೆಲ್‌ನ ಬೆಳಕಿನ ಪ್ರಖರತೆಯನ್ನು ಅಗತ್ಯಕ್ಕೆ ತಕ್ಕಷ್ಟು ತಗ್ಗಿಸುವುದು ಇನ್ನೊಂದು. ಹಳೆಯವನ್ನೆಲ್ಲ ಒಂದು ಕಡೆಗೆ, ಹೊಸತನ್ನೆಲ್ಲ ಇನ್ನೊಂದು ಕಡೆಗೆ ಜೋಡಿಸುವುದು ಮತ್ತೊಂದು. ಉಳಿದ ತಪ್ಪನ್ನು ಕೊನೆಯ ಯಂತ್ರ ಲೆಕ್ಕ ಹಾಕಿ ತಿದ್ದುತ್ತದೆ. ಪ್ರತಿಯೊಂದಕ್ಕೂ ಬೆಲೆಯಿದೆ. ಖಾಲಿ ಬಿಟ್ಟ ಬಣ್ಣದಿಂದ ಆದಾಯವಿಲ್ಲ. ಪ್ರಖರತೆ ತೀರಾ ತಗ್ಗಿದರೆ ಹಳೆಯ ಸಂದೇಶವೇ ದೂರ ಮುಟ್ಟುವುದಿಲ್ಲ.

ಹಾಗೆಂದು ನಿಮ್ಮ ಮನೆಯ ಕರೆ ಕಡಿದಾಗಲೆಲ್ಲ ಇದೇ ಕಾರಣವೆಂದು ತಿಳಿಯಬೇಡಿ. ಗೋಡೆಯ ಮೂಲೆಯಲ್ಲಿ ಫೈಬರ್ ವಯರನ್ನು ಬಿಗಿಯಾಗಿ ಮಡಚಿದರೂ ಬೆಳಕು ಸೋರಿಹೋಗುತ್ತದೆ. ಅದರ ಮೇಲೆ ಕಪಾಟು ಇಡಬೇಡಿ, ಮೊಳೆಗೆ ಸುತ್ತಬೇಡಿ.

ನೆರೆಯವರ ಹಕ್ಕಿನ ಬಗ್ಗೆ ಪ್ರವಾದಿ(ಸ) ಎಷ್ಟು ಒತ್ತು ನೀಡಿದ್ದಾರೆಂಬುದು ನಮಗೆಲ್ಲ ತಿಳಿದದ್ದೇ. ನಮ್ಮ ಉದ್ದೇಶ ಕೆಟ್ಟದ್ದಲ್ಲದಿದ್ದರೂ ನಮ್ಮ ಸದ್ದು ಪಕ್ಕದವರಿಗೆ ನೋವಾಗಬಹುದು. ತುಸು ಅಂತರ, ತುಸು ಸಂಯಮ, ಪಕ್ಕದವರ ಸೂಕ್ಷ್ಮದ ಅರಿವು ಇದ್ದರೆ ಹಳಬರೂ ಹೊಸಬರೂ ಒಂದೇ ದಾರಿಯಲ್ಲಿ ಸಾಗಬಹುದು. ಮೂರು ತಲೆಮಾರು ಒಟ್ಟಿಗೆ ಬಾಳುವ ನಮ್ಮ ಮನೆಗಳಿಗೂ ಈ ಮಾತು ಸಲ್ಲುತ್ತದೆ ಅಲ್ಲವೇ? ವಿಜ್ಞಾನ ಓದುವ ನಿಮ್ಮ ಮಕ್ಕಳಿಗೆ ಇದನ್ನು ವಿವರಿಸಿ. ಅಲ್ಲಾಹನ ಸೃಷ್ಟಿಯಾದ ಬೆಳಕಿನ ಬಗ್ಗೆ ಅವರಲ್ಲಿ ಇನ್ನಷ್ಟು ಪ್ರಶ್ನೆಗಳು ಹುಟ್ಟಲಿ.